ರಾಗಿಕಾಳಿಗಿಂತ ಚಿಕ್ಕ ನೊಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



"ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತಾಡಪ್ಪ" ಎಂದು ಹೆಡ್‌ಮಾಸ್ಟರ್ ಹೇಳಿದ್ದರು. ಅವರ ಕ್ಷಮೆ ಕೇಳಿ, ನಾನು ಒಂದು ನೊಣದ ಬಗ್ಗೆ ಮಾತಾಡುತ್ತೇನೆ.

ಒಂಬತ್ತನೇ ತರಗತಿಯಲ್ಲಿ ನಾನು ನೊಣದ ಚಿತ್ರ ಬರೆದು ನಾಲ್ಕು ರೆಕ್ಕೆ ಹಾಕಿದ್ದೆ. ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ. "ನೋಡಿ ಬರೆದೆಯೋ, ಅಂದಾಜಿಗೆ ಬರೆದೆಯೋ?" ಎಂದು ಕೇಳಿ, ಭೂತಗನ್ನಡಿ ಕೈಗೆ ಕೊಟ್ಟು ಹೊರಗೆ ಕಳಿಸಿದರು. ಆಗ ಇಡೀ ಶಾಲೆಗೆ ಇದ್ದದ್ದು ಅದೊಂದೇ. ನೋಡಿದೆ. ನೊಣಕ್ಕಿರುವುದು ಎರಡೇ ರೆಕ್ಕೆ.

ಆ ಪ್ರಶ್ನೆ ಮತ್ತೆ ನೆನಪಾದದ್ದು ಥಾಯ್ಲೆಂಡಿನ ಒಂದು ನೊಣದ ಕಥೆ ಓದಿದಾಗ. ಅಲ್ಲಿನ ಕೆಂಗ್ ಕ್ರಚಾನ್ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಕೀಟಗಳನ್ನು ಸಂಗ್ರಹಿಸಿದ್ದರು. ಅದರಲ್ಲಿ ಸಿಕ್ಕ ಒಂದೇ ಒಂದು ಹೆಣ್ಣು ನೊಣವನ್ನು ಲಾಸ್ ಏಂಜಲೀಸ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಬ್ರಯಾನ್ ಬ್ರೌನ್ ಪರೀಕ್ಷಿಸಿ, 2012ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಉದ್ದ 0.40 ಮಿಲಿಮೀಟರ್. ಮಕ್ಕಳೇ, ನಿಮ್ಮ ಸ್ಕೇಲಿನ ಒಂದು ಮಿಲಿಮೀಟರಿನೊಳಗೆ ಇಂಥ ಎರಡು ನೊಣ ಒಂದರ ಹಿಂದೊಂದು ನಿಂತರೂ ಇನ್ನೂ ಜಾಗ ಉಳಿಯುತ್ತದೆ. ಆಗ ಅದೇ ಜಗತ್ತಿನ ಅತಿ ಚಿಕ್ಕ ನೊಣ.

ಹೊಸ ಜೀವಿಯನ್ನು "ಸಣ್ಣದು, ಕಂದು ಬಣ್ಣದ್ದು" ಎಂದರೆ ವಿವರಿಸಿದ ಹಾಗಾಗುವುದಿಲ್ಲ. ರೆಕ್ಕೆ, ಕಾಲು, ಮೊಟ್ಟೆಯಿಡುವ ಅಂಗ ಎಲ್ಲ ನೋಡಿ, ಅಳೆದು, ಹತ್ತಿರದ ಬಂಧುಗಳಿಗಿಂತ ಯಾವುದರಲ್ಲಿ ಬೇರೆ ಎಂದು ತೋರಿಸಬೇಕು. ಆ ಮಾದರಿಯನ್ನು ಜೋಪಾನವಾಗಿ ಕಾಪಾಡಬೇಕು. ನಾಳೆ ಇನ್ನೊಬ್ಬರು ಅದನ್ನೇ ನೋಡಿ ತಪ್ಪು ಹಿಡಿಯುವಂತಿರಬೇಕು.

ಈ ನೊಣದ ಆಫ್ರಿಕಾದ ಬಂಧು ಇರುವೆಯ ಮೈಯಲ್ಲಿ ಮೊಟ್ಟೆಯಿಟ್ಟು ಬದುಕುತ್ತದೆ. ಇದೇ ಕುಟುಂಬದ ಎಷ್ಟೋ ನೊಣಗಳ ಮರಿಹುಳು ಇರುವೆಯ ತಲೆಗೆ ಸೇರಿ, ಒಳಗಿನದನ್ನು ತಿಂದು, ಕೊನೆಗೆ ತಲೆಯೇ ಕಳಚಿ ಬೀಳುತ್ತದೆ. ಥಾಯ್ಲೆಂಡಿನ ನೊಣವೂ ಸಣ್ಣ ಇರುವೆಗಳಿಗೆ ಹೀಗೇ ಮಾಡುತ್ತಿರಬಹುದು ಎಂದು ಬ್ರೌನ್ ಊಹಿಸಿದರು. ಕಣ್ಣಾರೆ ಕಂಡದ್ದಲ್ಲವಾದ್ದರಿಂದ ಊಹೆಯನ್ನು ಊಹೆ ಎಂದೇ ಹೇಳಿದರು. ನಮ್ಮ ಮೇಷ್ಟ್ರು ಕೇಳುತ್ತಿದ್ದದ್ದೂ ಇಷ್ಟೇ ಅಲ್ಲವೇ?

ಇನ್ನೂ ಎರಡು ಮಾತು. ಆರು ವರ್ಷದ ನಂತರ, 2018ರಲ್ಲಿ, ಇದೇ ಬ್ರೌನ್ ಬ್ರೆಜಿಲ್‌ನ 0.395 ಮಿಲಿಮೀಟರಿನ ನೊಣವೊಂದನ್ನು ಪ್ರಕಟಿಸಿ ತಮ್ಮ ದಾಖಲೆಯನ್ನು ತಾವೇ ಮುರಿದರು. ಮತ್ತೆ, ಥಾಯ್ಲೆಂಡಿನ ನೊಣಕ್ಕೆ ಅವರು ತಮ್ಮ ಹೆಸರಿಡಲಿಲ್ಲ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಆ ವಿದ್ಯೆಯಲ್ಲಿ ಸಭ್ಯತೆಯಲ್ಲ. ಕೀಟಗಳ ಮೇಲೆ ತುಂಬ ಆಸಕ್ತಿಯಿದ್ದ ಒಬ್ಬರ ಹೆಸರಿನಿಂದ ಅದನ್ನು ಯೂರಿಪ್ಲೇಟಿಯಾ ನಾನಕ್‌ನಿಹಾಲಿ ಎಂದು ಕರೆದರು.

ಇಲ್ಲಿಗೆ ನನ್ನ ಅರಿಕೆ. ನಾವು ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಗೇಟಿಗೆ ಸ್ವಾಗತ ಕಮಾನು ಕಟ್ಟಿಸಿ ದಾನಿಗಳ ಹೆಸರು ಕೆತ್ತಿಸುವ ಮಾತಾಗಿದೆ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ನೋಡಿ ಖುಷಿಪಟ್ಟವನೇ ನಾನು. ಆದರೆ ನಿನ್ನೆ ಸಂಜೆ ಪ್ರಯೋಗಾಲಯದ ಬೀರು ತೆಗೆಸಿ ನೋಡಿದೆ. ನನ್ನ ಕಾಲದ ಅದೇ ಭೂತಗನ್ನಡಿ, ಹಿಡಿಗೆ ಅದೇ ದಾರ. ಸೂಕ್ಷ್ಮದರ್ಶಕ ಒಂದಿದೆ, ಅದರ ಮಸೂರ ಮಂಜಾಗಿದೆ.

ಕಮಾನು ಇನ್ನೆರಡು ವರ್ಷ ತಡವಾದರೂ ಶಾಲೆಗೆ ಬರುವ ದಾರಿ ಯಾರಿಗೂ ತಪ್ಪುವುದಿಲ್ಲ. ಈ ಸಲ ಆ ಹಣದಲ್ಲಿ ನಾಲ್ಕು ಒಳ್ಳೆಯ ಸೂಕ್ಷ್ಮದರ್ಶಕ, ಮಗುವಿಗೊಂದು ಭೂತಗನ್ನಡಿ ಕೊಡೋಣ. ಅವುಗಳ ಮೇಲೆ ಯಾರ ಹೆಸರೂ ಬೇಡ. ಹಿರಿಯರು ಒಪ್ಪಿದರೆ ನನ್ನ ಪಾಲನ್ನು ಇಮ್ಮಡಿ ಮಾಡುತ್ತೇನೆ. ಒಪ್ಪದಿದ್ದರೂ ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲ.

ನಮ್ಮೂರ ಹಟ್ಟಿಯಲ್ಲಿ, ಹಳ್ಳದ ದಂಡೆಯಲ್ಲಿ ಹಾರುವ ನುಸಿ, ಗುಂಗುರುಗಳನ್ನು ನಮ್ಮ ಮಕ್ಕಳು ಅಂದಾಜಿಗಲ್ಲ, ನೋಡಿ ಬರೆಯಲಿ.