ಹದಿನೇಳರ ಭಾಗಾಕಾರ



ರೂಪಾಯಿಗೆ ಹದಿನಾರಾಣೆಯಿದ್ದ ಕಾಲದ ಒಂದು ಲೆಕ್ಕವನ್ನು ಮೊದಲು ತೆಗೆದುಕೊಳ್ಳೋಣ. ಮಂಗಳೂರಿನ ಬಂದರಿನಲ್ಲಿ ಹದಿನೇಳು ಮಂದಿ ಆಳುಗಳಿಗೆ ಒಂದು ರೂಪಾಯಿಯನ್ನು ಸಮನಾಗಿ ಹಂಚಬೇಕಾಯಿತೆಂದು ಭಾವಿಸಿರಿ. ತಲೆಗೊಂದಾಣೆ ಕೊಟ್ಟರೆ ಕೊನೆಯವನ ಕೈ ಬರಿದು. ರೂಪಾಯಿಯನ್ನು ೧೯೨ ಪೈಗಳಾಗಿ ಒಡೆದರೆ ತಲೆಗೆ ೧೧ ಪೈ ಸಂದು ೫ ಪೈ ಮಿಗುತ್ತವೆ. ೧೯೫೭ರ ಏಪ್ರಿಲ್ ೧ರಿಂದ ರೂಪಾಯಿಗೆ ೧೦೦ ಪೈಸೆಯಾಯಿತು. ಆ ನಾಣ್ಯದಲ್ಲಿಯೂ ತಲೆಗೆ ೫ ಪೈಸೆ ಸಂದು ೧೫ ಪೈಸೆ ಮಿಗುತ್ತವೆ. ನಾಣ್ಯ ಬದಲಾದರೂ ಶೇಷವು ತಪ್ಪಲಿಲ್ಲ.

ಕಾರಣವೇನು? ಹದಿನೇಳು ಅವಿಭಾಜ್ಯ ಸಂಖ್ಯೆ. ಆಣೆ ಪೈಗಳು ಎರಡು ಮೂರುಗಳ ಗುಣಾಕಾರದಿಂದಲೂ, ಪೈಸೆಗಳು ಎರಡು ಐದುಗಳ ಗುಣಾಕಾರದಿಂದಲೂ ಆದವು. ಅವುಗಳಲ್ಲಿ ಹದಿನೇಳಕ್ಕೆ ಎಡೆಯಿಲ್ಲ. ಎಷ್ಟು ಸಣ್ಣದಾಗಿ ಒಡೆಯುತ್ತ ಹೋದರೂ ಭಾಗಾಕಾರವು ಮುಗಿಯದು.

ಮುಗಿಯದಿದ್ದರೂ ಅದು ಅಡ್ಡಾದಿಡ್ಡಿಯಾಗಿ ನಡೆಯುವುದಿಲ್ಲ. ದಶಮಾನದಲ್ಲಿ ಒಂದನ್ನು ಹದಿನೇಳರಿಂದ ಭಾಗಿಸಿದರೆ ದಶಾಂಶ ಬಿಂದುವಿನ ಮುಂದೆ ೦೫೮೮೨೩೫೨೯೪೧೧೭೬೪೭ ಎಂಬ ಹದಿನಾರು ಅಂಕೆಗಳು ಬಂದು, ಅವೇ ಮರಳಿ ಮರಳಿ ಬರುತ್ತವೆ. ಹದಿನೇಳರಿಂದ ಭಾಗಿಸುವಾಗ ಸೊನ್ನೆಯಲ್ಲದ ಶೇಷಗಳು ಹದಿನಾರೇ ಆದುದರಿಂದ, ಇದಕ್ಕಿಂತ ದೀರ್ಘವಾದ ಆವರ್ತವು ಸಾಧ್ಯವೇ ಇಲ್ಲ. ಈ ಅಂಕೆಗಳನ್ನು ನಡುವೆ ಕಡಿದು, ಎರಡು ಅರ್ಧಗಳನ್ನು ಕೂಡಿ ನೋಡಿರಿ: ಎಂಟು ಒಂಬತ್ತುಗಳು ಸಾಲಾಗಿ ನಿಲ್ಲುತ್ತವೆ.

ಈಗ ದಶಮಾನವನ್ನು ಬಿಟ್ಟು ಹದಿನಾರರ ಮಾನದಲ್ಲಿ ಎಣಿಸೋಣ. ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಹದಿನಾರನೆಯ ಒಂದು ಪಾಲಿಗೆ ಅವರು ವೀಸವೆಂದು ಹೆಸರಿಟ್ಟಿದ್ದರು. ಈ ಮಾನದಲ್ಲಿ ಹದಿನೇಳೆಂದರೆ ಒಂದು ಹದಿನಾರು, ಒಂದು ಬಿಡಿ. ಆದುದರಿಂದ ಅದನ್ನು ೧೧ ಎಂದು ಬರೆಯುತ್ತೇವೆ. ಅದರ ವರ್ಗವಾದ ಇನ್ನೂರ ಎಂಬತ್ತೊಂಬತ್ತು ೧೨೧ ಆಗುತ್ತದೆ. ದಶಮಾನದ ಹನ್ನೊಂದರ ವರ್ಗದ ರೂಪವೇ ಇದು!

ಭಾಗಾಕಾರವೂ ಬಹಳ ಸರಳವಾಗುತ್ತದೆ. ಒಂದು ರೂಪಾಯಿಯಲ್ಲಿ ತಲೆಗೆ ಪೂರ್ಣ ವೀಸ ಒಂದೂ ಬಾರದು. ವೀಸದ ವೀಸವನ್ನು ಎಣಿಸಿದರೆ ಇನ್ನೂರ ಐವತ್ತಾರು; ಅದರಲ್ಲಿ ತಲೆಗೆ ಹದಿನೈದು ಸಂದು ಒಂದು ಉಳಿಯುತ್ತದೆ. ಉಳಿದ ಒಂದು ಪುನಃ ಮೊದಲಿನ ಲೆಕ್ಕವನ್ನೇ ಹೂಡುತ್ತದೆ. ಸೊನ್ನೆ, ಹದಿನೈದು, ಸೊನ್ನೆ, ಹದಿನೈದು: ಹದಿನಾರು ಸ್ಥಾನಗಳ ಆವರ್ತವು ಎರಡಕ್ಕೆ ಇಳಿಯಿತು.

ಹಾಗಾದರೆ ಹದಿನೇಳರ ನಿಜವಾದ ಗುಣ ಯಾವುದು? ಆವರ್ತದ ಉದ್ದವು ನಾವು ಆರಿಸಿಕೊಂಡ ಮಾನವನ್ನು ಅನುಸರಿಸುತ್ತದೆ. ಅವಿಭಾಜ್ಯತೆಯಾದರೋ ಯಾವ ಮಾನದಲ್ಲಿಯೂ ಕೆಡದು. ಬರೆವಣಿಗೆ ನಮ್ಮದು, ಸ್ವಭಾವ ಸಂಖ್ಯೆಯದು. ಇವೆರಡರ ಸಂಬಂಧ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ದಶಮಾನದಲ್ಲಿ ಹದಿನೇಳರಂತೆ ಅತಿ ದೀರ್ಘ ಆವರ್ತವುಳ್ಳ ಅವಿಭಾಜ್ಯಗಳು ಅನಂತವಾಗಿವೆಯೆಂಬುದು ೧೯೨೭ರಲ್ಲಿ ಆರ್ಟಿನ್ ಎಂಬ ಗಣಿತಜ್ಞರು ಮಾಡಿದ ಊಹೆಯಿಂದ ಹೊರಡುತ್ತದೆ. ಅದಕ್ಕೆ ಸಂಪೂರ್ಣ ಸಾಧನೆ ಇನ್ನೂ ದೊರೆತಿಲ್ಲ.

ಭಾಗಾಕಾರವು ಮುಗಿಯದಿದ್ದಾಗ ತಮ್ಮದೇ ತಪ್ಪೆಂದು ಕುಗ್ಗಿ ಹಲಗೆಯನ್ನು ಒರೆಸಿಬಿಡುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಅವರಿಗೆ ಹೇಳುವುದಿಷ್ಟೆ: ಒರೆಸಬೇಡಿರಿ, ಇನ್ನು ನಾಲ್ಕು ಅಂಕೆ ಮುಂದುವರಿಸಿರಿ.