ಡ್ರಾಯಿಂಗ್ ಯಾರದು?
(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ವಿದೇಶಿ ಕಂಪನಿಗಳೊಂದಿಗೆ ನಮ್ಮವರು ಮಾಡುವ ತಂತ್ರಜ್ಞಾನ ವ್ಯಾಪಾರದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಸೂಚಿಸಿದ್ದಾರೆ. ನಾನು ಕಾಮಾಕ್ಷಿಪಾಳ್ಯದಿಂದ ಶುರು ಮಾಡುತ್ತೇನೆ. ಅಲ್ಲಿ ನಮ್ಮ ಚಾಚಾ ಅವರದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಜಾಬ್ ವರ್ಕ್ ಎಂದರೇನೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಡ್ರಾಯಿಂಗ್ ಕಂಪನಿಯದು, ಕಬ್ಬಿಣ ಕಂಪನಿಯದು, ರೇಟೂ ಕಂಪನಿಯದೇ. ನಮ್ಮದು ಮೆಷಿನ್ ಮತ್ತು ಮೈಕೈ ನೋವು. ಒಮ್ಮೆ ಚಾಚಾ ಒಂದೇ ಸಲಕ್ಕೆ ನಾಲ್ಕು ಪೀಸ್ ಹಿಡಿದು ತೂತು ಕೊರೆಯುವಂಥ ಫಿಕ್ಸ್ಚರ್ ಮಾಡಿಕೊಂಡರು. ದಿನವಿಡೀ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಕಂಪನಿಯ ಸೂಪರ್‌ವೈಸರ್ ನೋಡಿ ಶಭಾಷ್ ಎಂದರು. ಮುಂದಿನ ತಿಂಗಳು ರೇಟು ಇಳಿಯಿತು. ಬೇರೆ ಗಿರಾಕಿ ಇಲ್ಲದ ಚಾಚಾ ಒಪ್ಪಿಕೊಂಡರು. ಆಮೇಲೆ ಸೂಪರ್‌ವೈಸರ್ ಬರುವ ಸುದ್ದಿ ಸಿಕ್ಕಿದರೆ ಸಾಕು, ಫಿಕ್ಸ್ಚರ್ ಮೇಲೆ ಗೋಣಿಚೀಲ ಬೀಳುತ್ತಿತ್ತು!

ಬೆಂಗಳೂರಿನ ಸಾಫ್ಟ್‌ವೇರ್ ಸೇವೆಯೂ ಬಹುಪಾಲು ಬೆಳೆದದ್ದು ಇಂಥದೇ ಲೆಕ್ಕದ ಮೇಲೆ. ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರ್. ಹತ್ತು ಜನರ ಕೆಲಸವನ್ನು ಆರೇ ಜನ ಮುಗಿಸುವ ಉಪಾಯ ಕಂಡುಹಿಡಿದರೆ ನಾಲ್ಕು ಜನರ ಬಿಲ್ಲು ಹೋಯಿತು. ಹೊಸ ಆಲೋಚನೆಗೆ ದಂಡ ಕಟ್ಟಿದ ಹಾಗೆ.

1995ರಲ್ಲಿ ಇನ್ಫೋಸಿಸ್ ಎದುರಿಸಿದ ಸಂದರ್ಭವನ್ನು ನಾರಾಯಣಮೂರ್ತಿಯವರು 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಸ್ಕೂಲಿನಲ್ಲಿ ಮಾಡಿದ ಭಾಷಣದಲ್ಲಿ ವಿವರಿಸಿದ್ದಾರೆ. ಒಂದು ದೈತ್ಯ ಗ್ರಾಹಕ ಕಂಪನಿ ತನಗೆ ಕೆಲಸ ಮಾಡಿಕೊಡುವ ಭಾರತೀಯ ಸಂಸ್ಥೆಗಳನ್ನೆಲ್ಲ ಬೆಂಗಳೂರಿನ ಹೋಟೆಲಿಗೆ ಕರೆಸಿತು. ಪರಸ್ಪರ ಮಾತಾಡಬಾರದೆಂದು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ದರದ ಚೌಕಾಸಿ ನಡೆಸಿತು. ಮೂರ್ತಿಯವರು ಹೆಸರು ಹೇಳಲಿಲ್ಲ. ಅದು ಜನರಲ್ ಎಲೆಕ್ಟ್ರಿಕ್ ಎಂದು ಪತ್ರಿಕೆಗಳು ಬರೆದಿವೆ. ಇನ್ಫೋಸಿಸ್ ಆದಾಯದ ಶೇ. 25ರಷ್ಟು ಆ ಒಬ್ಬ ಗಿರಾಕಿಯಿಂದಲೇ ಬರುತ್ತಿತ್ತು. ಆದರೆ ಕೇಳಿದ ದರಕ್ಕೆ ಒಪ್ಪಿದರೆ ಒಳ್ಳೆಯ ಜನರಿಗೆ, ಸಂಶೋಧನೆಗೆ, ತರಬೇತಿಗೆ ಹಣ ಹೂಡುವುದೇ ಕಷ್ಟವಾಗುತ್ತಿತ್ತು. ವಿನಯದಿಂದಲೇ ಆಗುವುದಿಲ್ಲ ಎಂದರು. ಕೆಲಸವನ್ನು ಬೇರೆಯವರಿಗೆ ಸರಿಯಾಗಿ ವಹಿಸಿಕೊಡುವುದಾಗಿಯೂ ಮಾತು ಕೊಟ್ಟರು. ಆಮೇಲೆ ಯಾವ ಒಬ್ಬ ಗ್ರಾಹಕನ ಮೇಲೂ, ಒಂದು ದೇಶದ ಮೇಲೂ ಹೆಚ್ಚು ನೆಚ್ಚಿಕೊಳ್ಳದಂತೆ ವ್ಯವಸ್ಥೆ ಮಾಡಿಕೊಂಡರು.

ಇದನ್ನು ಧೈರ್ಯ ಎಂದು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಅವರಿಗೆ ಉಳಿದ ಮುಕ್ಕಾಲು ಪಾಲಿನ ಆಸರೆ ಇತ್ತು. ನಮ್ಮ ಚಾಚಾಗೆ ಉಳಿದ ಪಾಲೇ ಇರಲಿಲ್ಲ.

ಗಿರಾಕಿಗಳು ಹತ್ತಾದರೂ ಡ್ರಾಯಿಂಗ್ ಅವರದೇ ಆಗಿದ್ದರೆ? ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂತು. ಅದರ ಭಾರತೀಯ ಶಾಖೆಯ ಮುಖ್ಯಸ್ಥರಾಗಿದ್ದ ಶ್ರೀನಿ ರಾಜಮ್ 2001ರಲ್ಲಿ ಕೆಲವು ಸಹೋದ್ಯೋಗಿಗಳ ಜೊತೆ ಹೊರಬಂದು ಇಟ್ಟಿಯಂ ಸಿಸ್ಟಮ್ಸ್ ಕಟ್ಟಿದರು. ಗಂಟೆಯ ಬಿಲ್ಲು ಬೇಡ ಎಂಬುದು ಅವರ ನಿರ್ಧಾರ. ಧ್ವನಿ ಮತ್ತು ವಿಡಿಯೊ ಸಂಸ್ಕರಿಸುವ ತಂತ್ರಜ್ಞಾನವನ್ನು ತಾವೇ ರೂಪಿಸಿ, ತಮ್ಮ ಹೆಸರಿನಲ್ಲೇ ಇಟ್ಟುಕೊಂಡು, ಕಂಪನಿಗಳಿಗೆ ಲೈಸೆನ್ಸ್ ಕೊಟ್ಟು ರಾಯಲ್ಟಿ ಪಡೆಯುವುದು. ಇದು ಸುಲಭದ ದಾರಿಯೇನಲ್ಲ. ಗಿರಾಕಿ ಬರುವ ಮೊದಲೇ ಎಂಜಿನಿಯರುಗಳಿಗೆ ಸಂಬಳ ಕೊಡಬೇಕು. ಆದರೆ ಒಮ್ಮೆ ಮಾಡಿದ್ದನ್ನು ಹಲವರಿಗೆ ಮಾರಬಹುದು, ಉಪಾಯ ಹೊಳೆದರೆ ಲಾಭ ತಮಗೇ.

ಕಂಪನಿ ಕಟ್ಟುವ ಮಾತು ಇರಲಿ, ನಿಮ್ಮಲ್ಲಿ ಹೆಚ್ಚಿನವರು ಮೊದಲು ಕೆಲಸಕ್ಕೆ ಸೇರುವವರು. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ನೀವು ಬರೆದ ಪ್ರೋಗ್ರಾಮಿನ ಮೊದಲ ಒಡೆತನ ಮಾಲೀಕರದು. ಅದು ನ್ಯಾಯವೇ ಇರಬಹುದು, ಸಂಬಳ ಕೊಡುವವರು ಅವರು. ಆದರೆ ರಾತ್ರಿ ಮನೆಯಲ್ಲಿ, ನಿಮ್ಮದೇ ಕಂಪ್ಯೂಟರಿನಲ್ಲಿ ಮಾಡಿದ್ದೂ ತಮಗೇ ಸೇರಬೇಕು ಎಂದು ಕೆಲವು ಒಪ್ಪಂದಗಳಲ್ಲಿ ಬರೆದಿರುತ್ತದೆ. ಸಂಬಳದ ಅಂಕಿ ನೋಡಿ ಸಂತೋಷದಲ್ಲಿ ಸಹಿ ಹಾಕುವ ಮಕ್ಕಳು ಆ ಪುಟವನ್ನು ತಿರುವಿಯೂ ನೋಡುವುದಿಲ್ಲ. ಆಫರ್ ಲೆಟರ್ ತಂದವರು ಇಲ್ಲಿ ಯಾರಾದರೂ ಇದ್ದರೆ, ಚಹಾ ಆದ ಮೇಲೆ ಉಳಿಯಿರಿ, ಆ ಪುಟವನ್ನು ಜೊತೆಯಲ್ಲಿ ಕೂತು ಓದೋಣ.