ಅಪ್ಪನ ಮಾತ್ರೆ ಡಬ್ಬಿ

ಜುಬೈಲ್, ದಮ್ಮಾಮ್, ಜೆದ್ದಾ, ನೀವು ಎಲ್ಲೇ ಇರಿ, ನಿಮ್ಮ ಮನೆಯಲ್ಲೂ ಊರಿಂದ ತಂದ ಮಾತ್ರೆಗಳ ಡಬ್ಬಿಯೊಂದು ಇರಬಹುದು. ಇವತ್ತು ಅದನ್ನು ತೆರೆದು ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಇವುಗಳಲ್ಲಿ ಯಾವುದಾದರೂ ಹೆಸರು ಕಂಡರೆ ಅಪ್ಪ ನುಂಗುತ್ತಿರುವುದು ಬೀಟಾ ಬ್ಲಾಕರ್.

ಹೃದಯ ಎಷ್ಟು ರಕ್ತ ತಳ್ಳುತ್ತದೆ, ರಕ್ತನಾಳಗಳು ಎಷ್ಟು ಬಿಗಿಯಾಗಿವೆ, ಈ ಎರಡರ ಲೆಕ್ಕವೇ ಬಿ.ಪಿ. ಸಿಟ್ಟು, ಗಾಬರಿ ಬಂದಾಗ ಅಡ್ರಿನಲಿನ್ ಎಂಬ ಹಾರ್ಮೋನು ಹೃದಯದ ಬೀಟಾ ಗ್ರಾಹಕಗಳಿಗೆ ಅಂಟಿಕೊಂಡು ಬಡಿತ ಏರಿಸುತ್ತದೆ. ಮಾತ್ರೆ ಆ ಜಾಗವನ್ನು ಮೊದಲೇ ಹಿಡಿದು ಕೂರುತ್ತದೆ. ಬಡಿತ ನಿಧಾನವಾಗುತ್ತದೆ, ತಳ್ಳುವ ಬಲ ತಗ್ಗುತ್ತದೆ. ಜೊತೆಗೆ ಮೂತ್ರಪಿಂಡ ಬಿಡುವ ರೆನಿನ್ ಕಡಿಮೆಯಾಗುವುದರಿಂದ ನಾಳಗಳನ್ನು ಬಿಗಿಮಾಡುವ ಸಂದೇಶವೂ ಇಳಿಯುತ್ತದೆ. ಈ ಬಗೆಯ ಮದ್ದಿನಲ್ಲಿ ಹೆಸರಾದ ಪ್ರೊಪ್ರನೊಲಾಲನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಹುಡುಕುತ್ತಿದ್ದದ್ದು ಎದೆನೋವಿಗೆ ಮದ್ದು. ಅವರಿಗೆ 1988ರಲ್ಲಿ ನೊಬೆಲ್ ಬಂತು. ಇಂದು ಬರೀ ಬಿ.ಪಿ.ಗೆ ವೈದ್ಯರು ಸಾಮಾನ್ಯವಾಗಿ ಬೇರೆ ಮಾತ್ರೆಗಳಿಂದ ಶುರುಮಾಡುತ್ತಾರೆ. ಹೃದಯದ ತೊಂದರೆಯೂ ಇದ್ದರೆ ಇದರ ಬೆಲೆ ಹೆಚ್ಚು.

ಎ.ಸಿ. ಕೋಣೆಯಲ್ಲಿ ಅಪ್ಪನ ಕೈಕಾಲು ತಣ್ಣಗಿದ್ದರೆ ಅದಕ್ಕೆ ಈ ಮಾತ್ರೆಯೂ ಕಾರಣವಿರಬಹುದು. ಹೊರಗಿನ ಬಿಸಿಲಿನ ಕತೆ ಬೇರೆ. ದೇಹ ತಣಿಯಬೇಕಾದರೆ ಹೃದಯ ಬೇಗ ಬಡಿದು ಚರ್ಮಕ್ಕೆ ರಕ್ತ ಕಳಿಸಬೇಕು. ಮಾತ್ರೆ ಆ ವೇಗವನ್ನೇ ಹಿಡಿದಿಡುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಇಲ್ಲಿ ನಿಯಮವಿದೆಯಲ್ಲ, ಅಪ್ಪ ಸೈಟಿನಲ್ಲಿಲ್ಲದಿದ್ದರೂ ಆ ಹೊತ್ತು ಅವರಿಗೂ ಇರಲಿ. ತಲೆ ಸುತ್ತಿದರೆ ನೆರಳಿಗೆ ಕರೆತನ್ನಿ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಊರಿನ ಸ್ಟ್ರಿಪ್ ಮುಗಿಯುತ್ತದೆ. "ರಜೆಗೆ ಹೋಗ್ತೇವಲ್ಲ, ಅಲ್ಲೇ ತರೋಣ, ಹದಿನೈದು ದಿನ ಬಿಟ್ಟರೆ ಏನಾಗ್ತದೆ?" ಎನ್ನುತ್ತಾರೆ ಅಪ್ಪ. ಆಗುತ್ತದೆ. ತಿಂಗಳುಗಟ್ಟಲೆ ತಡೆಯಲ್ಲಿದ್ದ ಹೃದಯದಲ್ಲಿ ಗ್ರಾಹಕಗಳ ಸಂಖ್ಯೆ ಹೆಚ್ಚಿರುತ್ತದೆ. ಮಾತ್ರೆ ಥಟ್ಟನೆ ನಿಂತರೆ ಅದೇ ಅಡ್ರಿನಲಿನ್‌ಗೆ ಹೃದಯ ಮೊದಲಿಗಿಂತ ಜೋರಾಗಿ ಓಗೊಡುತ್ತದೆ. ಬಡಿತ, ಬಿ.ಪಿ. ಎರಡೂ ಚಿಮ್ಮುತ್ತವೆ, ಹೃದ್ರೋಗ ಇದ್ದವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ವೈದ್ಯರು ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತಾರೆ.

ಊರಿನ ಬ್ರ್ಯಾಂಡ್ ಹೆಸರು ಹೇಳಿದರೆ ಇಲ್ಲಿನ ಫಾರ್ಮಸಿಯವರಿಗೆ ತಿಳಿಯದೆ ಹೋಗಬಹುದು. ಒಳಗಿನ ಔಷಧದ ಹೆಸರನ್ನೂ ಮಿಲಿಗ್ರಾಮನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡು, ಮಾತ್ರೆ ಮುಗಿಯುವ ಮೊದಲೇ ಅಪ್ಪನನ್ನು ವೈದ್ಯರ ಬಳಿ ಕರೆದೊಯ್ಯಿರಿ. ಅಂದಹಾಗೆ, ಪರೀಕ್ಷೆಯ ದಿನ ಎದೆ ಡವಡವ ಎಂದಿತೆಂದು ನೀವೇ ಒಂದು ನುಂಗಬೇಡಿ. ಆಸ್ತಮಾ ಇದ್ದರೆ ಉಸಿರೇ ಕಟ್ಟೀತು.

ಡಬ್ಬಿ ಹೇಗೂ ತೆರೆದಿದ್ದೀರಿ, ಎಷ್ಟು ದಿನದ ಮಾತ್ರೆ ಉಳಿದಿದೆ ಎಂದು ಈಗಲೇ ಎಣಿಸಿಬಿಡಿ.